ಸೂಪಿಗೆ ಎದ್ದು ನಿಲ್ಲುವವರು

ಬಟ್ಟಲಿನ ಸೂಪು ಅರ್ಧಕ್ಕೆ ಇಳಿದಾಗ ಬೀರಪ್ಪ ಮಾವ ಎದ್ದು ನಿಲ್ಲುತ್ತಿದ್ದರು. ಕುಮಟೆಯ ಹೊಸ ರೆಸ್ಟೋರೆಂಟ್ ಆಗಲಿ, ಹೊನ್ನಾವರದ ಬಸ್‌ಸ್ಟ್ಯಾಂಡಿನೆದುರಿನ ಖಾನಾವಳಿಯಾಗಲಿ, ಹೊಳನಗದ್ದೆಯ ಮನೆಯ ಒಲೆಯ ಮುಂದಾಗಲಿ, ಕ್ರಮ ಒಂದೇ: ಚಮಚವನ್ನು ಸದ್ದಾಗದಂತೆ ಬಟ್ಟಲಿನ ಅಂಚಿಗೆ ಒರಗಿಸಿ, ಎರಡೂ ಕೈಗಳನ್ನು ಸೊಂಟದ ಹಿಂದೆ ಕಟ್ಟಿ, ಬೆನ್ನನ್ನು ನೆಟ್ಟಗೆ ಮಾಡಿ, ಗದ್ದವನ್ನು ತುಸು ಮೇಲೆತ್ತಿ, ರಾಷ್ಟ್ರಗೀತೆ ಮುಗಿಯುವಷ್ಟು ಹೊತ್ತು ನಿಂತು, ಮತ್ತೆ ಕುಳಿತು ಉಳಿದರ್ಧವನ್ನು ಕುಡಿಯುವುದು. ಕಂಡವರು ಅದನ್ನು ಒಂದು ಬಗೆಯ ಭಕ್ತಿಯೆಂದೇ ಬಗೆದಿದ್ದರು. "ಬೀರಪ್ಪ ಸೂಪಿಗೆ ಸಲಾಮು ಹೊಡೀತ ನೋಡು" ಎಂದು ಹೋಟೆಲಿನವರು ನಗುತ್ತಿದ್ದರು. ಆ ನಗೆಯನ್ನು ಅವರು ಎಂದೂ ತಿದ್ದಲಿಲ್ಲ. ತಿದ್ದದೆ ಇದ್ದುದಕ್ಕೆ ಕಾರಣವಿತ್ತು ಎಂಬುದು ತಿಳಿಯಲು ನನಗೆ ಮೂರು ವರ್ಷ ಬೇಕಾಯಿತು.

ಅವರು ನನ್ನ ಗಂಡ ನರೇಶನ ಚಿಕ್ಕಪ್ಪ. ನಮ್ಮದೂ ಅವರದೂ ಒಂದೇ ಅಂಗಳದ ಎರಡು ಮನೆ. ವೃತ್ತಿಯಿಂದ ಹೊಲಿಗೆ ಮಷೀನಿನ ರಿಪೇರಿಯವರು. ಸೋಮವಾರ ಕುಮಟೆ, ಬುಧವಾರ ಹೊನ್ನಾವರ, ಭಟ್ಕಳದಲ್ಲಿ ಶುಕ್ರವಾರ ಅಂಗಡಿ ಮುಚ್ಚಿರುತ್ತದೆಂದು ಅಲ್ಲಿಗೆ ಶನಿವಾರ. ಹೀಗೆ ಮೂರು ಪೇಟೆಯ ದರ್ಜಿಗಳ ಮಷೀನುಗಳ ಕೆಮ್ಮು ನೆಗಡಿಗಳನ್ನೆಲ್ಲ ಕಿವಿಯಿಂದಲೇ ಗುರುತಿಸುತ್ತ ಅವರು ಬದುಕು ಸಾಗಿಸಿದ್ದರು. ಬಲಭುಜಕ್ಕೆ ಹತ್ಯಾರಿನ ಚೀಲ ನೇತುಹಾಕಿ ನಡೆದು ನಡೆದು ದೇಹ ಎಡಕ್ಕೆ ವಾಲಿಕೊಂಡಿತ್ತು. ಚೀಲವಿಲ್ಲದಾಗಲೂ, ಗೋಡೆಗೆ ಒರಗಿಸಿಟ್ಟ ಏಣಿಯನ್ನು ಗೋಡೆಯೇ ಬಿಟ್ಟು ಹೋದಂತೆ, ಅವರು ಓರೆಯಾಗಿಯೇ ನಡೆಯುತ್ತಿದ್ದರು. ಮೈಮೇಲೆ ಸದಾ ಒಂದು ಖಾಕಿ ಕೋಟು. ತೋಳಿಲ್ಲದ, ಏಳು ಜೇಬಿನ, ತಾವೇ ಹೊಲಿದುಕೊಂಡ ಕೋಟು. ಆರು ಜೇಬುಗಳಲ್ಲಿ ಸೂಜಿಯ ಪೊಟ್ಟಣ, ಬಾಬಿನ್, ಎಣ್ಣೆಯ ಪುಟ್ಟ ಡಬ್ಬಿ, ಬೆಲ್ಟಿನ ತುಂಡು ಇತ್ಯಾದಿ. ಏಳನೆಯದರಲ್ಲಿ ಕರವಸ್ತ್ರದಲ್ಲಿ ಸುತ್ತಿದ ಸ್ಟೀಲಿನ ಚಮಚ. ಹೋಟೆಲಿನ ಚಮಚ ತೀರ ಆಳ, ಒಂದೇ ಸಲಕ್ಕೆ ಹೆಚ್ಚು ಬರುತ್ತದೆ ಎಂಬುದು ಅವರ ಆಕ್ಷೇಪ.

ಹುಬ್ಬಳ್ಳಿಯಲ್ಲಿ ಓದಿ ಬೆಳೆದ ನಾನು ಆ ಮನೆಗೆ ಸೊಸೆಯಾಗಿ ಬಂದದ್ದು ತೊಂಬತ್ತೊಂಬತ್ತರಲ್ಲಿ. ಬಂದ ತಿಂಗಳೊಳಗೆ ನಮ್ಮಿಬ್ಬರನ್ನೂ ಅವರು ಕುಮಟೆಯಲ್ಲಿ ಆಗಷ್ಟೇ ತೆರೆದಿದ್ದ ರೆಸ್ಟೋರೆಂಟಿಗೆ ಕರೆದೊಯ್ದರು. ಹಗಲಿನಲ್ಲೂ ಕತ್ತಲೆ, ಗಾಜಿನ ತೊಟ್ಟಿಯಲ್ಲಿ ಎರಡು ಬಂಗಾರ ಬಣ್ಣದ ಮೀನು, ಮೇಜಿನ ಮೇಲೆ ವಿನೆಗರಿನಲ್ಲಿ ಮುಳುಗಿದ ಹಸಿಮೆಣಸಿನ ಶೀಸೆ. ಮೀಸೆಯ ವೇಟರ್ ವಿನೋದ, ಊರಿನವನೇ, ನಮ್ರನಾಗಿ ಬಗ್ಗಿ, "ಸ್ವೀಟ್‌ಕಾರ್ನ್ ಒನ್ ಬೈ ಟೂ ಮಾಡ್ಲಾ ಬೀರಪ್ಪಣ್ಣ?" ಎಂದ.

"ಸೂಪು ಪಾಲು ಮಾಡೂ ವಸ್ತು ಅಲ್ಲ ತಮ್ಮಾ. ಮೂರು ತಾ. ಕಾರ್ನ್‌ಫ್ಲೋರ್ ಎಷ್ಟು ಚಮಚ ಹಾಕ್ತ್ರು, ಒಳಗೆ ಕೇಳ್ಕಂಬಾ."

ವಿನೋದ ಒಳಗೆ ಹೋಗಿ ಬಂದ. "ಅಡುಗೆಯವ್ರು ಕೇಳ್ತ್ರು, ನೀವು ಫುಡ್ ಇನ್‌ಸ್ಪೆಕ್ಟರಾ ಅಂತ."

"ಅಲ್ಲ, ಹೊಲಿಗೆ ಮಷೀನ್ ರಿಪೇರಿ ಹೇಳು. ಗಟ್ಟಿ ಆದ್ರೆ ಎಂತದೂ ಓಡೂದಿಲ್ಲ, ಮಷೀನೂ ಅಷ್ಟೇಯ, ಸೂಪೂ ಅಷ್ಟೇಯ."

'ಅಷ್ಟೇಯ' ಎಂಬುದು ಅವರ ಪೂರ್ಣವಿರಾಮ. ಅದಾದ ಮೇಲೆ ಚರ್ಚೆಯಿಲ್ಲ. ಸೂಪು ಬಂತು, ಬಟ್ಟಲಿನ ಮೇಲೆ ಅಂಗೈಯನ್ನು ಮುಚ್ಚಿದಂತೆ ಹಿಡಿದು, ಜ್ವರ ಬಂದ ಮಗುವಿನ ಹಣೆ ಮುಟ್ಟಿ ನೋಡುವವರ ಹಾಗೆ, ಬಿಸಿ ಇಳಿಯುವವರೆಗೆ ಕಾದರು. ಊದಲಿಲ್ಲ. ಜೋಳದ ಕಾಳುಗಳನ್ನು ಒಂದೊಂದಾಗಿ ಹೆಕ್ಕಿ ನರೇಶನ ತಟ್ಟೆಗೆ ದಾಟಿಸಿದರು. ಹೊನ್ನಾವರದ ಖಾನಾವಳಿಯಲ್ಲಿ ಟೊಮೇಟೊ ಸೂಪಿನ ಮೇಲೆ ತೇಲಿಬಿಡುವ ಹುರಿದ ಬ್ರೆಡ್ಡಿನ ಚೂರುಗಳಿಗೂ ಇದೇ ಗತಿ. "ಇವೆಲ್ಲ ಅಲಂಕಾರ. ನಂಗೆ ಬ್ಯಾಡ" ಎನ್ನುತ್ತಿದ್ದರು. ಭಟ್ಕಳದಲ್ಲಿ, ದರ್ಜಿಗಳೆಲ್ಲ ಬೆಳಿಗ್ಗೆ ಮಾಂಸದ ಶೋರ್ವ ಕುಡಿಯುವ ಹೋಟೆಲಿನಲ್ಲಿ, ಇವರ ಪಾಲಿನದನ್ನು ಜಾಳಿಗೆಯಲ್ಲಿ ಸೋಸಿ ಕೊಡುವ ವಾಡಿಕೆಯೇ ಬೆಳೆದಿತ್ತಂತೆ. ರಮ್‌ಜಾನಿನ ತಿಂಗಳಲ್ಲಿ ಹಬ್ಬದ ಹೊಲಿಗೆಗೆ ಮಷೀನುಗಳು ಹಗಲೂ ಸಂಜೆಯೂ ಓಡಿ ಕೆಡುತ್ತಿದ್ದುದರಿಂದ ಇವರೂ ಅಲ್ಲೇ ಉಳಿದು, ಸೂರ್ಯ ಮುಳುಗಿದ ಮೇಲೆ ದರ್ಜಿಗಳ ಜೊತೆ ಕುಳಿತು ಅವರ ಗಂಜಿಯನ್ನು ಕುಡಿಯುತ್ತಿದ್ದರು. ಆ ಒಂದು ತಿಂಗಳು ಅವರ ಕೆನ್ನೆ ತುಸು ತುಂಬಿಕೊಳ್ಳುತ್ತಿತ್ತು. ಅದನ್ನು ನಾನು ಗಮನಿಸಿದೆನಾದರೂ ಅರ್ಥ ಮಾಡಿಕೊಳ್ಳಲಿಲ್ಲ.

ಇಂಥ ನಾಲಿಗೆಗೆ ಬಂಧುಬಳಗದಲ್ಲಿ ಒಂದು ಅಧಿಕಾರಪದವಿಯೂ ದೊರೆತಿತ್ತು. ಯಾರ ಮನೆಯ ಮದುವೆಯಾದರೂ ಮೊದಲ ಪಂಕ್ತಿಗೆ ಎಲೆ ಹಾಕುವ ಮುನ್ನ ಅಡುಗೆಯವರು ಒಂದು ಸೌಟು ಸಾರನ್ನು ಬೀರಪ್ಪ ಮಾವನ ಬಳಿಗೆ ತರಬೇಕು. ಅವರು ಬಲಗೈಯನ್ನು ದೊನ್ನೆ ಮಾಡಿ, ಹೊಯ್ಯಿಸಿಕೊಂಡು, ಸುರ್ರೆಂದು ಎಳೆದು, ಕಣ್ಣುಮುಚ್ಚಿ, ಒಂದು ಕ್ಷಣ ಇಡೀ ಚಪ್ಪರವನ್ನು ಕಾಯಿಸಿ, "ಆತು" ಎನ್ನಬೇಕು. ಅಲ್ಲವಾದರೆ "ಮುರುಗಲು ಇನ್ನೆರಡು ಹಾಕು" ಎನ್ನಬೇಕು. ಹುಳಿ ಯಾವುದು, ಖಾರ ಎಷ್ಟು ಎಂಬುದರಲ್ಲಿ ಅವರ ಮಾತಿಗೆ ಎದುರಿಲ್ಲ.

ಎದುರಾಡುತ್ತಿದ್ದವರು ಒಬ್ಬರೇ, ಅವರ ಹೆಂಡತಿ ಮಾಸ್ತಮ್ಮ ಅತ್ತೆ. ಆ ಅಂಗಳದ ನಿಜವಾದ ಅಡುಗೆಯ ಕೈ ಅವರದು. ಅಘನಾಶಿನಿಯ ಬಳಚನ್ನು ಬೇಯಿಸುವಾಗ ಚಿಪ್ಪುಗಳು ಬಾಯಿಬಿಟ್ಟು ಸುರಿಸುವ ಬೂದುಬಣ್ಣದ ನೀರಿಗೆ ಬರೀ ಮೆಣಸಿನಪುಡಿ ಉದುರಿಸಿ ಕೊಡುತ್ತಿದ್ದರು. ಸಮುದ್ರವನ್ನು ಯಾರೋ ಸಣ್ಣಗೆ ಕುದಿಸಿ ಬಸಿದಂತಿರುತ್ತಿತ್ತು. ಹುರುಳಿಯ ಕಟ್ಟಿನ ಸಾರು, ನೆಗಡಿಗೆ ಏಡಿಯ ಸಾರು, ನಾನು ಬಾಣಂತಿಯಾದಾಗ ಹಾಲು ಹೆಚ್ಚಲೆಂದು ತಾಟೆ ಮೀನಿನ ಸಾರು, ಇವೆಲ್ಲ ಅವರ ವಿದ್ಯೆ. ಬೀರಪ್ಪ ಮಾವ ಇವನ್ನೆಲ್ಲ ಕುಡಿಯುತ್ತಿದ್ದರು, ಹೊಗಳುತ್ತಲೂ ಇದ್ದರು. ಆದರೆ ಅನ್ನದ ತಟ್ಟೆ ಮುಂದಿಟ್ಟೊಡನೆ ಒಂದೆರಡು ಅಗುಳು ಕಲಸಿ, "ಹೊನ್ನಾವರದಲ್ಲಿ ಊಟ ಆತು" ಎಂದು ಏಳುತ್ತಿದ್ದರು.

"ನನ್ನ ಅನ್ನ ನಾಯಿಗೆ, ಕಾಗಿಗೆ" ಎಂದು ಅತ್ತೆ ತಟ್ಟೆಯೆತ್ತಿಕೊಂಡು ಅಂಗಳ ದಾಟುವಾಗ ನನ್ನ ಕಡೆ ತಿರುಗಿ ಹೇಳುತ್ತಿದ್ದರು. "ಇವ್ರಿಗೆ ಹೋಟ್ಲು ಬೇಕು. ಸೂಪ್ ಸಾಹೇಬ್ರು! ಹೆಂಡ್ತಿ ಕೈ ಬ್ಯಾಸರ ಬಂದದೆ."

ಬೈಗುಳದಂತೆ ಕೇಳುತ್ತಿತ್ತು. ಬೈಗುಳವಾಗಿರಲಿಲ್ಲ.

ನನ್ನ ಮಗಳು ವಿನುತಾ ಹುಟ್ಟಿದ್ದು ಎರಡು ಸಾವಿರದ ಒಂದರ ಕೊನೆಗೆ. ಆರು ತಿಂಗಳಾಗಿ ಅನ್ನದ ತಿಳಿ, ಬೇಳೆಯ ಕಟ್ಟು ಶುರುವಾದಾಗ ನನ್ನ ಬದುಕೇ ಒಂದು ಗಂಟಲಿಗೆ ಕಟ್ಟಿಬಿದ್ದಿತು. ಚಮಚವನ್ನು ಹತ್ತು ನಿಮಿಷ ಕುದಿಸುವುದು, ಒಂದು ಗುಟುಕು ಕೊಡುವುದು, ಕತ್ತಿನ ಮೆತ್ತಗಿನ ಜಾಗದಲ್ಲಿ ಆ ಸಣ್ಣ ಏರಿಳಿತ ಕಾಣುವವರೆಗೆ ಉಸಿರು ಹಿಡಿದು ಕಾಯುವುದು, ಕಂಡ ಮೇಲೆ ಮುಂದಿನ ಗುಟುಕು. ಮಗು ಒಮ್ಮೆ ಕೆಮ್ಮಿದರೆ ಬಟ್ಟಲನ್ನು ಅಲ್ಲೇ ಬಿಟ್ಟು ಎತ್ತಿಕೊಳ್ಳುತ್ತಿದ್ದೆ. ಮನೆಯವರೆಲ್ಲ ನಕ್ಕರು. ನಗದವರು ಬೀರಪ್ಪ ಮಾವ ಮಾತ್ರ. ಎದುರಿಗೆ ಕುಕ್ಕರುಗಾಲಿನಲ್ಲಿ ಕುಳಿತು, "ನೀ ಅವಸರ ಮಾಡ್ಬ್ಯಾಡ ತಂಗಿ. ಗಂಟ್ಲು ಅದರಷ್ಟಕ್ಕೆ ಬಾಗ್ಲು ತೆಗೀತದೆ, ನಾವು ತಟ್ಟೂಕಾಗ" ಎನ್ನುತ್ತಿದ್ದರು. ಮಗುವಿನ ಬೆನ್ನನ್ನು ಹೇಗೆ ನೆಟ್ಟಗೆ ಹಿಡಿಯಬೇಕೆಂದು ತೋರಿಸಿದವರೂ ಅವರೇ. ಗಂಡಸೊಬ್ಬನಿಗೆ ಇಷ್ಟೆಲ್ಲ ಹೇಗೆ ತಿಳಿಯಿತು ಎಂದು ನಾನು ಕೇಳಲಿಲ್ಲ.

ಆದರೆ ದಿನಕ್ಕೆ ಇನ್ನೂರು ಸಲ ನುಂಗುವಿಕೆಯನ್ನು ನೋಡುವ ಕಣ್ಣಿಗೆ ಬೇರೆಯವರದೂ ಕಾಣತೊಡಗುತ್ತದೆ. ಒಂದು ಮಧ್ಯಾಹ್ನ ಅವರು ಹುರುಳಿ ಸಾರು ಕುಡಿಯುತ್ತಿದ್ದಾಗ ನನ್ನ ದೃಷ್ಟಿ ಅಭ್ಯಾಸಬಲದಿಂದ ಅವರ ಕತ್ತಿಗೆ ಹೋಯಿತು. ಒಂದು ಚಮಚಕ್ಕೆ ಗಂಟಲಮಣಿ ಮೂರು ಸಲ ಏರಿಳಿಯಿತು. ನಾಲ್ಕು ಚಮಚ, ನಿಲುಗಡೆ. ಆಮೇಲೆ ಎದ್ದು ನಿಂತರು, ಗದ್ದ ಮೇಲೆ, ಬೆನ್ನು ನೆಟ್ಟಗೆ. ಮುಖದಲ್ಲಿ ಭಕ್ತಿಯಿರಲಿಲ್ಲ, ಶ್ರಮವಿತ್ತು. ಅಲ್ಲಿಯವರೆಗೆ ನಾನೂ ಆ ನಿಲುವನ್ನು ನೋಡಿ ನಕ್ಕವಳೇ.

ಮರುವಾರ ಬಾವಿಯ ಹಿಂದಿನ ಬಾಳೆಹಿಂಡಿಲಲ್ಲಿ ಅವರು ಬಗ್ಗಿ ನಿಂತಿದ್ದನ್ನು ಕಂಡೆ. ಬೆಳಿಗ್ಗೆ ಅತ್ತೆಯ ಒತ್ತಾಯಕ್ಕೆ ತಿಂದಿದ್ದ ಅನ್ನ, ಹೋದ ಹಾಗೆಯೇ ಬಿಳಿಯಾಗಿ ಮರಳಿ ಬಂದಿತ್ತು.

"ಎಂತಾತು ಮಾವ?"

"ಎಂತದೂ ಇಲ್ಲ. ಪಿತ್ತ."

"ಪಿತ್ತ ಅಲ್ಲ ಅದು. ಅನ್ನ ಹೊಟ್ಟೆಗೇ ಇಳಿದಿಲ್ಲ. ಎಷ್ಟು ದಿನದಿಂದ ಹೀಗೆ?"

ಅವರು ಎರಡು ಕೊಡ ನೀರು ಸೇದಿ ನೆಲ ತೊಳೆದರು. ಕೈ ಒರೆಸಿಕೊಂಡರು. "ದಿನ ಅಲ್ಲ ತಂಗಿ, ಮೂರು ವರ್ಷದ ಮೇಲಾತು. ಮೊದ್ಲು ರೊಟ್ಟಿ ಸಿಕ್ಕಿಬಿತ್ತು. ಆಮೇಲೆ ಅನ್ನ. ಸಾರು ಇಳೀತದೆ. ನಿಂತ್ಕಂಡ್ರೆ ಇಳೀತದೆ."

"ಇವತ್ತೇ ಡಾಕ್ಟರ ಹತ್ತಿರ ಹೋಗೋಣ. ಅತ್ತೆಗೆ ಹೇಳ್ತೇನೆ."

"ಮಾಲಿನಿ ಮದ್ವೆ ಆಗ್ಲಿ." ಮಾಲಿನಿ ಅವರ ಒಬ್ಬಳೇ ಮಗಳು, ಆಗ ಗಂಡು ಹುಡುಕುತ್ತಿದ್ದರು. "ಅಪ್ಪಂಗೆ ಗಂಟ್ಲ ಕಾಯ್ಲೆ ಅಂದ್ರೆ ಊರವ್ರು ಎಂತ ಅಂದ್ಕಂತ್ರು ನಿಂಗೆ ಗೊತ್ತದೆ. ಆ ಹೆಸ್ರು ಬಿದ್ದ ಮನೆಗೆ ಯಾರು ಬತ್ರು?"

"ಅದೇ ಕಾಯಿಲೆ ಆಗಿದ್ರೆ?"

"ಅದೇ ಆಗಿದ್ರೆ ಮೂರು ವರ್ಷ ಸೂಪು ಕುಡೀತಾ ತಿರಗ್ತಿದ್ನಾ? ನೀ ಬಾಯಿ ಮುಚ್ಕಂಡಿರು. ಅಷ್ಟೇಯ."

ಪೂರ್ಣವಿರಾಮ ಬಿದ್ದಿತು. ನಾನು ಒಪ್ಪಿದೆ. ಒಪ್ಪಬಾರದಿತ್ತು ಎಂದು ಈಗಲೂ ಅನ್ನಿಸುತ್ತದೆ. ಅಂದಿನಿಂದ ಹನ್ನೊಂದು ತಿಂಗಳು ಎರಡು ಗಂಟಲುಗಳನ್ನು ಕಾಯುವ ಕೆಲಸ ನನ್ನ ಪಾಲಿಗೆ ಬಂತು: ಒಂದು ದಿನದಿನಕ್ಕೆ ದೊಡ್ಡದಾಗುತ್ತಿದ್ದದ್ದು, ಇನ್ನೊಂದು ಕಿರಿದಾಗುತ್ತಿದ್ದದ್ದು. ಅವರು ಸೊರಗುತ್ತಿದ್ದರು, ಯಾರಿಗೂ ಕಾಣಲಿಲ್ಲ. ಕೋಟು ಜೋತುಬೀಳುವ ಮೊದಲೇ ಅದರ ಎರಡೂ ಮಗ್ಗುಲನ್ನು ತಾವೇ ಮಷೀನಿನಲ್ಲಿ ಒಳಕ್ಕೆ ಹಿಡಿದು ಹೊಲಿದುಬಿಡುತ್ತಿದ್ದರು. ಒಮ್ಮೆ ಅದನ್ನು ಒಗೆಯಲು ತೆಗೆದುಕೊಂಡಾಗ ಒಳಮೈಯಲ್ಲಿ ಸಮಾನಾಂತರವಾದ ಮೂರು ಹೊಲಿಗೆಗಳಿದ್ದವು. ಎಂಥ ಅಚ್ಚುಕಟ್ಟು! ಒಂದು ಅಂಗುಲವೂ ವಕ್ರವಿಲ್ಲ.

ಮಾವಿನಕುರ್ವೆಯ ಸಂಬಂಧ ಕೂಡಿಬಂತು. ಹುಡುಗನ ತಂದೆ ವೆಂಕಟ್ರಮಣ ದೋಣಿಯ ಮಾಲಿಕರು. ಶರಾವತಿಯ ಆಚೆ ದಡಕ್ಕೆ ಕೂಗಿ ಹೇಳಬಲ್ಲ ಕಂಠ, ಅದಕ್ಕೆ ತಕ್ಕ ಹೃದಯ. ಎರಡು ಸಾವಿರದ ಮೂರರ ಏಪ್ರಿಲಿನಲ್ಲಿ ಮದುವೆ. ಎಲ್ಲರೂ ಸಂಭ್ರಮದಲ್ಲಿದ್ದರೆ ನಾನು ಮಾತ್ರ ಒಂದು ಗಳಿಗೆಯನ್ನು ನೆನೆನೆನೆದು ಹೆದರುತ್ತಿದ್ದೆ. ನನ್ನ ಗಂಡನ ಮನೆಯವರಲ್ಲಿ ಒಂದು ಕ್ರಮವಿದೆ: ಊಟದ ಪಂಕ್ತಿಯಲ್ಲಿ ಬೀಗರಿಬ್ಬರೂ ಅಕ್ಕಪಕ್ಕದ ಎಲೆಗೆ ಕುಳಿತು, ಒಬ್ಬರ ಬಾಯಿಗೊಬ್ಬರು ಸಿಹಿ ಇಡಬೇಕು; ಇಬ್ಬರೂ ನುಂಗಿದ ಮೇಲೆಯೇ ಉಳಿದವರು ಎಲೆಗೆ ಕೈಹಾಕುವುದು. ಬೀಗ ಇಟ್ಟದ್ದನ್ನು ಉಗುಳಿದರೆ ಅದು ಸಂಬಂಧವನ್ನೇ ಉಗುಳಿದಂತೆ. ಇನ್ನೂರು ಜನರ ಕಣ್ಣೆದುರು, ಮಗಳ ಮದುವೆಯ ದಿನ, ಆ ಗಂಟಲಿನಲ್ಲಿ ಒಂದು ಲಾಡು ಸಿಕ್ಕಿಕೊಂಡರೆ?

ಆ ಗಳಿಗೆ ಬಂತು. ಚಪ್ಪರದಡಿ ಎಲೆ ಹಾಕಿ ಬಡಿಸಿದ್ದರು. ವೆಂಕಟ್ರಮಣರು ಮುಷ್ಟಿಗಾತ್ರದ ಲಾಡನ್ನು ಎತ್ತಿದರು.

"ಬೀಗ್ರೇ, ಬಾಯಿ ದೊಡ್ಡ ಮಾಡಿ! ಸೂಪಿನ ಬಾಯಿ ಅಂತ ಕೇಳಿದ್ದೆ. ಲಾಡು ಹೊಗ್ತದಾ ನೋಡ್ವ!"

ಪಂಕ್ತಿಯೆಲ್ಲ ಘೊಳ್ಳೆಂದಿತು. ಬೀರಪ್ಪ ಮಾವನೂ ನಕ್ಕರು. ನಗುತ್ತಲೇ ಆ ಕೈಯನ್ನು ಮಣಿಕಟ್ಟಿನಲ್ಲಿ ಹಿಡಿದು ನಿಲ್ಲಿಸಿದರು.

"ತಡೀರಿ ಬೀಗ್ರೇ. ನಮ್ಮ ಕವಲಲ್ಲಿ ಮೊದ್ಲು ಸಾರು."

"ಸಾರಾ?"

"ಹೌದು. ಅಜ್ಜನ ಕಾಲದ್ದು. ಬೀಗ್ರು ಒಬ್ರ ಕೈಯಲ್ಲಿ ಒಬ್ರು ಸಾರು ಕುಡೀಬೇಕು. ಸಿಹಿ ಯಾರಾದ್ರೂ ತಿನ್ನಸ್ತ್ರು. ಹುಳಿ ಖಾರ ಒಟ್ಟಿಗೆ ಕುಡಿದವ್ರು ಮುಂದೆ ಜಗಳ ಆಡೂದಿಲ್ಲ. ಗಂಡಿನ ಅಪ್ಪ ಎತ್ತಿದ ಲಾಡು ಸೊಸೆ ಬಾಯಿಗೇ ಹೋಗ್ಬೇಕು."

ಅಂಥ ಪದ್ಧತಿಯ ಹೆಸರನ್ನೂ ನಾನು ಕೇಳಿರಲಿಲ್ಲ. ಆಗ ಗಂಡಿನ ಕಡೆಯ ಸಾಲಿನಿಂದ ತಿಮ್ಮಪ್ಪ ಎಂಬ ತೀರ ಹಿರಿಯರು, ಎಂಬತ್ತು ದಾಟಿದವರು, ತಲೆದೂಗಿ ಸಾಕ್ಷಿ ನುಡಿದರು: "ಇತ್ತು, ಇತ್ತು. ನಾ ಸಣ್ಣವಿದ್ದಾಗ ನೋಡಿದ್ದೆ. ಈಗಿನವ್ರು ಬಿಟ್ಟೇ ಬಿಟ್ರು."

ಅಲ್ಲಿಗೆ ಅದು ಪದ್ಧತಿಯಾಯಿತು. ವೆಂಕಟ್ರಮಣರ ಹರಿಗೋಲಿನಂಥ ಅಂಗೈಗೆ ಸಾರು ಹೊಯ್ದರು. ಬೀರಪ್ಪ ಮಾವ ಬಾಗಿ ಅದನ್ನು ಸುರ್ರೆಂದು ಎಳೆದು, ತಲೆಯೆತ್ತಿ, ಗಂಭೀರವಾಗಿ ಎದ್ದು ನಿಂತರು. ಅದೂ ಪದ್ಧತಿಯ ಭಾಗವೆಂದು ತಿಳಿದು ವೆಂಕಟ್ರಮಣರೂ ಇವರ ಅಂಗೈಯ ಸಾರು ಕುಡಿದು ಎದ್ದು ನಿಂತರು. ಮಾಲಿನಿ ಲಾಡು ತಿಂದಳು. ಜನ ಊಟಕ್ಕೆ ಕೈಹಾಕಿದರು.

ತುಪ್ಪದ ತಂಬಿಗೆ ಹಿಡಿದು ಸಾಲಿನ ನಡುವೆ ನಿಂತಿದ್ದ ಮಾಸ್ತಮ್ಮ ಅತ್ತೆ ಮಾತ್ರ ಬಡಿಸುವುದನ್ನು ಮರೆತು ಗಂಡನನ್ನೇ ನೋಡುತ್ತಿದ್ದರು. ಮೂವತ್ತು ವರ್ಷ ಆ ಮನೆಯಲ್ಲಿ ಬಾಳಿದವರಿಗೆ ಆ ಮನೆಯಲ್ಲಿ ಇಲ್ಲದ ಪದ್ಧತಿ ಯಾವುದು ಎಂಬುದು ಗೊತ್ತಿರುತ್ತದೆ.

ಮರುದಿನ ಮಗಳನ್ನು ಕಳಿಸಿಕೊಟ್ಟು ಮನೆ ಬರಿದಾದ ಮೇಲೆ ಅತ್ತೆ ಒಂದು ತಟ್ಟೆ ಬಿಸಿ ಅನ್ನ ತಂದು ಗಂಡನ ಮುಂದಿಟ್ಟರು. ನಾನು ಮಗುವನ್ನೆತ್ತಿಕೊಂಡು ಬಾಗಿಲಲ್ಲಿದ್ದೆ.

"ಉಣ್ಣಿ."

"ಹಸಿವಿಲ್ಲ."

"ಒಂದು ತುತ್ತು. ನಾ ನೋಡ್ಬೇಕು."

ಅವರು ತುತ್ತು ಕಟ್ಟಿದರು, ಬಾಯಿಗಿಟ್ಟರು, ಅಗಿದರು. ಗಂಟಲಮಣಿ ಏರಿತು, ಇಳಿಯಿತು, ಮತ್ತೆ ಏರಿತು. ಎದ್ದು ನಿಂತರು. ನೀರು ಕುಡಿದರು. ಕೊನೆಗೆ ಬಾಯಿಗೆ ಕೈ ಅಡ್ಡ ಹಿಡಿದು ಹಿತ್ತಿಲ ಕಡೆ ನಡೆದರು. ಅತ್ತೆ ನೆಲಕ್ಕೆ ಕುಳಿತುಬಿಟ್ಟರು. ಅವರು ತಿರುಗಿ ಬಂದ ಮೇಲೆ ಕೇಳಿದರು.

"ನಾಲ್ಕು ವರ್ಷ ನನ್ನ ಕೈ ಕೆಟ್ಟದೆ ಅಂದ್ಕಂಡೆ. ಉಪ್ಪು ಹೆಚ್ಚಾತು ಅಂದ್ಕಂಡು ಕಡ್ಮಿ ಮಾಡ್ದೆ. ಕಡ್ಮಿ ಆತು ಅಂದ್ಕಂಡು ಹೆಚ್ಚು ಮಾಡ್ದೆ. ಅಕ್ಕಿ ಬದ್ಲಿ ಮಾಡ್ದೆ. ಒಂದು ಮಾತು ಹೇಳೂಕೆ ಎಂತ ಆಗಿತ್ತು ನಿಮ್ಗೆ?"

ಅತ್ತೆ ನನ್ನತ್ತ ತಿರುಗಿದರು. "ನಿಂಗೆ ಗೊತ್ತಿತ್ತನೇ?"

ನಾನು ಹೌದೆಂದು ತಲೆಯಾಡಿಸಿದೆ.

"ಓದಿದವ್ಳು" ಎಂದರು. ಅಷ್ಟೇ ಅಂದದ್ದು. ಆಮೇಲೆ ಹಲವು ತಿಂಗಳು ನನ್ನ ಜೊತೆ ಅಗತ್ಯಕ್ಕೆ ತಕ್ಕಷ್ಟೇ ಮಾತು.

ಆ ವಾರವೇ ದಕ್ಷಿಣದ ದೊಡ್ಡ ಆಸ್ಪತ್ರೆಗೆ ಹೋದರು. ಊರು ಹೆಸರೆತ್ತಲೂ ಹೆದರುತ್ತಿದ್ದ ಕ್ಯಾನ್ಸರ್ ಅದಾಗಿರಲಿಲ್ಲ. ಅನ್ನನಾಳದ ಕೆಳಗಿನ ಬಿಗಿತ ಸಡಿಲವಾಗುತ್ತಿರಲಿಲ್ಲವಂತೆ. ನಳಿಕೆ ಇಳಿಸಿ ಬಲೂನಿನಂಥದನ್ನು ಉಬ್ಬಿಸಿ ಹಿಗ್ಗಿಸಿದರು. ಮೂರನೆಯ ದಿನ ಮೆತ್ತಗಿನ ಅನ್ನ ಇಳಿಯಿತು. ಇಷ್ಟು ವರ್ಷ ಹೇಗೆ ಬದುಕಿದಿರಿ ಎಂದು ಡಾಕ್ಟರು ಕೇಳಿದರೆ, ಇವರು ಕುಮಟೆ, ಹೊನ್ನಾವರ, ಭಟ್ಕಳದ ಹೋಟೆಲುಗಳನ್ನು ಊರೂರಾಗಿ, ಎಲ್ಲಿ ತೆಳು ಎಲ್ಲಿ ಗಟ್ಟಿ ಎಂಬ ವಿವರದೊಂದಿಗೆ ಹೇಳಿದರಂತೆ.

ಎರಡು ವರ್ಷದ ಮೇಲೆ ಹೊನ್ನಾವರದ ಒಂದು ಮದುವೆಗೆ ಹೋಗಿದ್ದೆವು. ಗಂಡಿನವರೂ ಹೆಣ್ಣಿನವರೂ ನಮಗೆ ದೂರದ ಬಳಗ. ಪಂಕ್ತಿಯಲ್ಲಿ ಬೀಗರಿಬ್ಬರು ಒಬ್ಬರ ಅಂಗೈಯಿಂದೊಬ್ಬರು ಸಾರು ಕುಡಿದು, ಅತ್ಯಂತ ಗಾಂಭೀರ್ಯದಿಂದ ಎದ್ದು ನಿಂತರು. ನಾನು ಬೀರಪ್ಪ ಮಾವನ ಮುಖ ನೋಡಿದೆ. ಅವರು ತಮ್ಮ ಎಲೆಯ ಅನ್ನವನ್ನು ನಿಧಾನವಾಗಿ ಅಗಿಯುತ್ತಿದ್ದರು. ಮಾಸ್ತಮ್ಮ ಅತ್ತೆ ಪಕ್ಕದ ಎಲೆಯಿಂದ ಆ ಅಗಿಯುವಿಕೆಯನ್ನು ಎಣಿಸುವವರಂತೆ ನೋಡುತ್ತಿದ್ದರು.

ಇಂಥವರನ್ನು ನಾನು ಆಮೇಲೆ ಬೇರೆಡೆಯೂ ಗುರುತಿಸಿದ್ದೇನೆ. ಕಣ್ಣು ಮಂಜಾದದ್ದನ್ನು ಹೇಳದೆ, ಈಚಿನ ಪತ್ರಿಕೆಗಳಲ್ಲಿ ಓದುವಂಥದೇನಿದೆ ಎಂದು ಮೂಗುಮುರಿಯುವವರು; ಮಂಡಿ ನೋಯುವುದನ್ನು ಹೇಳದೆ, ಮಹಡಿಮನೆಯವರ ಸಹವಾಸವೇ ಬೇಡವೆಂದು ಮೆಟ್ಟಿಲಲ್ಲೇ ಮುನಿಯುವವರು. ತಮ್ಮ ಅಶಕ್ತಿಗೆ ಅಭಿರುಚಿಯ ಕೋಟು ತೊಡಿಸಿ, ಜಗತ್ತಿನ ಕನಿಕರಕ್ಕಿಂತ ಜಗತ್ತಿನ ದೂರನ್ನು ಆರಿಸಿಕೊಳ್ಳುವ ಮಾನವಂತರು ಇವರು. ಅವರ ಧೈರ್ಯವನ್ನು ನಾವು ತಡವಾಗಿಯಾದರೂ ಮೆಚ್ಚುತ್ತೇವೆ, ಅದರ ಕಥೆ ಹೇಳುತ್ತೇವೆ, ಪದ್ಧತಿಯನ್ನೂ ಮಾಡಿಕೊಳ್ಳುತ್ತೇವೆ. ಆದರೆ ಅಂಥ ಪ್ರತಿಯೊಬ್ಬರ ಮನೆಯಲ್ಲೂ ಒಬ್ಬರು ಇರುತ್ತಾರೆ. ತಪ್ಪು ತನ್ನದೇ ಎಂದು ನಂಬಿ, ದಿನವೂ ಉಪ್ಪನ್ನು ಒಂದು ಚಿಟಿಕೆ ಹೆಚ್ಚಿಸುತ್ತ, ಒಂದು ಚಿಟಿಕೆ ಕಡಿಮೆ ಮಾಡುತ್ತ.